ಕಡ್ಡಿ ಚೋಕ್ಲೇಟಿಲಿ ನಮ್ಮ ಕೊಕ್ಕೊ ಎಷ್ಟಿದ್ದು?

ಈಗ ನಮ್ಮ ಪುತ್ತೂರು, ಸುಳ್ಯ, ವಿಟ್ಲ ಹೊಡೆಲಿ ಏವ ಮನೆಯ ಮಕ್ಕಳ ಹುಟ್ಟುಹಬ್ಬಕ್ಕೆ ಹೋದರೂ ಒಂದು ಹರಿವಾಣಲ್ಲಿ ಕಡ್ಡಿ ಕುತ್ತಿದ ಚೋಕ್ಲೇಟು ಸಾಲಾಗಿ ಇರ್ತು. ಕರಡಿ, ನಕ್ಷತ್ರ, ಗುಲಾಬಿ ಹೂಗು, ನೆಗೆ ಮಾಡ್ತ ಸೂರ್ಯ. "ಹೆರಂದ ತಂದದಲ್ಲ, ಮನೆಲೇ ಮಾಡಿದ್ದು" ಹೇಳುವಗ ಆ ಮನೆಯ ಅಕ್ಕಂಗೆ ಒಂದು ಕೊಶಿ. ಮಾಡ್ಲೆ ಕಷ್ಟವೂ ಇಲ್ಲೆನ್ನೆ. ಅಂಗಡಿಂದ ಕಂದು ಬಣ್ಣದ ಗಟ್ಟಿಯ ತಪ್ಪದು, ಪೀಶಕತ್ತಿಲಿ ಕೊಚ್ಚುದು, ಬೆಶಿನೀರಿನ ಪಾತ್ರದ ಮೇಗೆ ಇನ್ನೊಂದು ಪಾತ್ರ ಮಡಗಿ ಕರಗುಸುದು, ಅಚ್ಚಿಂಗೆ ಎರದು ಕಡ್ಡಿ ಮಡುಗುದು, ಮತ್ತೆ ಫ್ರಿಜ್ಜಿಲಿ ಕಾಲು ಗಂಟೆ. ಅಚ್ಚಿನ ಕವುಂಚಿ ತಟ್ಟಿರೆ ಪಟಕ್ಕನೆ ಕೈಗೆ ಬತ್ತು.

ಹೀಂಗೆ ಪಟಕ್ಕನೆ ಕೈಗೆ ಬರೆಕ್ಕಾರೆ ಹತ್ರತ್ರ ಇನ್ನೂರು ವರ್ಷ ಹಿಡುದ್ದು. ಆ ಇನ್ನೂರು ವರ್ಷದ ಕತೆಗೆ ನಮ್ಮ ತೋಟದ ಅಡಕ್ಕೆ ಮರಂಗಳ ಎಡೆಲಿಪ್ಪ ಕೊಕ್ಕೊವೂ ನಡುವಿಲಿ ಬಂದು ಸೇರಿದ್ದು. ಆದರೆ ಮನೆಲಿ ಮಾಡ್ತ ಕಡ್ಡಿ ಚೋಕ್ಲೇಟಿಲಿ ಆ ಕೊಕ್ಕೊ ಎಷ್ಟು ಒಳುದ್ದು ಹೇಳಿ ನೋಡ್ಲೆ ಹೆರಟರೆ ರಜ ಬೇಜಾರ ಅಪ್ಪ ಲೆಕ್ಕ ಸಿಕ್ಕುತ್ತು.

ಕೊಕ್ಕೊ ಹುಟ್ಟಿದ್ದು ಅಮೆರಿಕಾ ಖಂಡಲ್ಲಿ. ಮೆಕ್ಸಿಕೋ, ಗ್ವಾಟೆಮಾಲಾ ಹೊಡೆಲಿ ಇತ್ತಿದ್ದ ಮಾಯಾ ಜನಂಗೊ, ಮತ್ತೆ ಬಂದ ಅಜ್ಟೆಕ್ ಜನಂಗೊ ಕೊಕ್ಕೊ ಬೀಜವ ಹೊರುದು, ಕಲ್ಲಿಲಿ ಅರದು, ನೀರಿಲಿ ಕಲಸಿ ಕುಡುಕ್ಕೊಂಡಿತ್ತಿದ್ದವು. ಸಕ್ಕರೆ ಇಲ್ಲೆ. ಕೆಲವು ಸರ್ತಿ ಮೆಣಸು ಹಾಕುಗು. ಮೇಗಂದ ಕೆಳಾಣ ಪಾತ್ರಕ್ಕೆ ಎತ್ತಿ ಎರದು ನೊರೆ ಬರ್ಸುಗು, ನಾವು ಕಾಪಿ ಎತ್ತಿ ಎರದ ಹಾಂಗೆ. ಅಜ್ಟೆಕ್ ಜನಂಗಳ ಸಂತೆಲಿ ಕೊಕ್ಕೊ ಬೀಜವೇ ಪೈಸೆಯ ಹಾಂಗೆ ನೆಡಕ್ಕೊಂಡಿತ್ತು. ನಮ್ಮ ತೋಟಲ್ಲಿ ಎಲಿ, ಅಳಿಲು, ಮಂಗ ಸೇರಿ ಅದರ ತಿಂದು ಹಾಳು ಮಾಡುದರ ಅವು ಕಂಡಿದ್ದರೆ ಎಂತ ಹೇಳ್ತಿತವೋ!

16ನೇ ಶತಮಾನಲ್ಲಿ ಸ್ಪೇನಿನವು ಇದರ ಯುರೋಪಿಂಗೆ ತೆಕ್ಕೊಂಡು ಹೋದವು, ಸಕ್ಕರೆ ಸೇರ್ಸಿದವು. ಆದರೂ ಮುಖ್ಯವಾಗಿ ಅದು ಕುಡಿವ ವಸ್ತುವೇ ಆಗಿ ಇತ್ತು. ಮತ್ತಾಣ ಮುನ್ನೂರು ವರ್ಷ ಹೀಂಗೇ ಹೋತು. ಅಚ್ಚಿಂಗೆ ಎರದು ತಿಂಬ ಚೋಕ್ಲೇಟು ಮಾಡ್ಲೆ ಎಂತಕೆ ಎಡಿಗಾತಿಲ್ಲೆ? ಕಾರಣ ಬೀಜಲ್ಲೇ ಇದ್ದು. ಒಣಗಿದ ಕೊಕ್ಕೊ ಬೀಜದ ತಿರುಳಿಲಿ ಹತ್ರತ್ರ ಅರ್ಧಕ್ಕರ್ಧ ಜಿಡ್ಡು. ಅದರ ನುಣ್ಣಂಗೆ ಅರದರೆ ದಪ್ಪದ ಹಿಟ್ಟಿನ ಹಾಂಗೆ ಆವ್ತು. ಅದಕ್ಕೆ ತಿಂಬಷ್ಟು ಸಕ್ಕರೆ ಹಾಕಿರೆ ಇಪ್ಪ ಜಿಡ್ಡಿನ ಸಕ್ಕರೆಯೇ ಎಳಕ್ಕೊಂಡು ಮತ್ತುದೆ ಗಟ್ಟಿ ಆವ್ತು. ಬಿಲ್ಲೆ ತಟ್ಟುಲಕ್ಕು, ಎರವಲೆ ಎಡಿಯ. ಎರವಲೆ ಬಾರದ್ದದರ ಕರಡಿ ಮೋರೆಯ ಅಚ್ಚಿಲಿ ಹಾಕಿರೆ ಕೆಮಿ ಮೂಲೆಗೆ ಎತ್ತ.

ಅಂಬಗ ಎಂತ ಬೇಕಾದ್ದು? ಇನ್ನೂ ರಜ ಜಿಡ್ಡು. ಹೆರಾಣ ಜಿಡ್ಡಲ್ಲ, ಕೊಕ್ಕೊದ್ದೇ ಜಿಡ್ಡು. ಅದು ಸಿಕ್ಕಿದ್ದು ಬೇರೆಂತದೋ ಮಾಡ್ಲೆ ಹೋಗಿ. ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿಲಿ ವಾನ್ ಹೌಟೆನ್ ಹೇಳ್ತ ಮನೆತನದವಕ್ಕೆ ಕುಡಿವ ಕೊಕ್ಕೊದ ಮೇಗೆ ತೇಲ್ತ ಜಿಡ್ಡಿನ ಕಮ್ಮಿ ಮಾಡೆಕ್ಕು ಹೇಳಿ ಇತ್ತು. ಅರದ ಕೊಕ್ಕೊವ ಒತ್ತಿ ಜಿಡ್ಡು ತೆಗವ ಕ್ರಮಕ್ಕೆ 1828ರಲ್ಲಿ ಅವು ಹಕ್ಕು ಪಡಕ್ಕೊಂಡವು. ಒಂದು ಹೊಡೆಲಿ ಒಣ ಹಿಂಡಿ, ಅದರ ಹೊಡಿ ಮಾಡಿರೆ ಇಂದು ನಾವು ಕೇಕಿಂಗೆ ಹಾಕುವ ಕೊಕ್ಕೊ ಪೌಡರು. ಇನ್ನೊಂದು ಹೊಡೆಲಿ ಬೆಳಿ-ಅರುಶಿನ ಬಣ್ಣದ ಗಟ್ಟಿ ಜಿಡ್ಡು, ಅದುವೇ ಕೊಕ್ಕೊ ಬೆಣ್ಣೆ. ಅವಕ್ಕೆ ಬೇಕಾದ್ದು ಹೊಡಿ. ಬೆಣ್ಣೆ ಒಳುದ ವಸ್ತು. ತೆಂಗಿನಕಾಯಿಯ ಗಾಣಕ್ಕೆ ಹಾಕಿದವಕ್ಕೆ ಹಿಂಡಿಯೇ ಬೇಕಾಗಿ ಎಣ್ಣೆ ಹೆಚ್ಚಾದ ಹಾಂಗೆ!

ಆ ಹೆಚ್ಚಾದ ಬೆಣ್ಣೆಗೆ ಕೆಲಸ ಕೊಟ್ಟದು ಇಂಗ್ಲೆಂಡಿನ ಬ್ರಿಸ್ಟಲಿನ ಫ್ರೈ ಕಂಪೆನಿಯವು. 1847ರಲ್ಲಿ ಕೊಕ್ಕೊ ಹೊಡಿ, ಸಕ್ಕರೆ, ಮತ್ತೆ ಕರಗುಸಿದ ಕೊಕ್ಕೊ ಬೆಣ್ಣೆ ಕೂಡುಸಿ ಅಚ್ಚಿಂಗೆ ಎರದವು. ಎರವಲೆ ಬತ್ತು, ತಣುದಪ್ಪಗ ಗಟ್ಟಿ ಆವ್ತು. ಈಗಾಣ ತಿಂಬ ಚೋಕ್ಲೇಟು ಸುರು ಆದ್ದು ಅಲ್ಲಿಂದ ಹೇಳ್ಲಕ್ಕು. 1873ರಲ್ಲಿ ಅದೇ ಕಂಪೆನಿ ಈಸ್ಟರ್ ಹಬ್ಬಕ್ಕೆ ಮೊಟ್ಟೆಯ ಆಕಾರದ ಚೋಕ್ಲೇಟು ಮಾಡಿತ್ತು. ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ 1875ರ ಹೊತ್ತಿಂಗೆ ಹಾಲು ಸೇರ್ಸಿದವು. 1879ರಲ್ಲಿ ರೊಡಾಲ್ಫ್ ಲಿಂಡ್ಟ್ ಗಂಟೆಗಟ್ಳೆ ತಿರುಗುಸಿ ನುಣ್ಣಂಗೆ ಮಾಡ್ತ ಯಂತ್ರ ತಂದವು.

ಅಚ್ಚಿನ ಕತೆ ಬೇರೆಯೇ. ಜರ್ಮನಿಯ ಡ್ರೆಸ್ಡೆನಿಲಿ ಆಂಟನ್ ರೈಖ ಹೇಳ್ತವು 1870ರಲ್ಲಿ ತವರ ಬಳುದ ತಗಡಿನ ಅಚ್ಚು ಮಾಡ್ತ ಕಾರ್ಖಾನೆ ಹಾಕಿದವು. ಮೊಲ, ಮೊಟ್ಟೆ, ಕ್ರಿಸ್ಮಸ್ ಅಜ್ಜ, ಹೀಂಗೆ ಎರಡು ಹೋಳು ಸೇರ್ಸಿ ಕ್ಲಿಪ್ಪು ಹಾಕುವ ಅಚ್ಚುಗೊ. ಆ ಹಳೆ ಅಚ್ಚುಗಳ ಈಗ ಜನ ಶೋಕೇಸಿಲಿ ಮಡುಗುಲೆ ಕ್ರಯ ಕೊಟ್ಟು ತೆಕ್ಕೊಳ್ತವು.

ಎರಡು ಹೋಳಿನ ಅಚ್ಚು ಹೇಳಿಯಪ್ಪಗ ನವಗೆ ನೆಂಪಪ್ಪದು ಮೈಸೂರು ಹೊಡೆಯ ಸಂಕ್ರಾಂತಿಯ ಸಕ್ಕರೆ ಅಚ್ಚು. ನಮ್ಮ ಕರಾವಳಿಲಿ ಆ ಕ್ರಮ ಇಲ್ಲೆ, ಆದರೆ ಘಟ್ಟದ ಮೇಗೆ ಮದುವೆ ಆಗಿ ಹೋದ ಎಲ್ಲೋರಿಂಗೂ ಗೊಂತಿಕ್ಕು. ಮರದ ಅಚ್ಚಿನ ನೀರಿಲಿ ನೆನೆಶಿ, ಸೇರ್ಸಿ ಕಟ್ಟಿ, ಸಕ್ಕರೆ ಪಾಕ ಎರದು, ರಜ ಹೊತ್ತಿಲಿ ಬಿಡ್ಸಿರೆ ಆನೆ, ಕುದುರೆ, ತುಳಸಿಕಟ್ಟೆ. ಅಲ್ಲಿ ಪಾಕ ಮರಕ್ಕೆ ಅಂಟದ್ದ ಹಾಂಗೆ ಮಾಡುದು ನೀರು. ಚೋಕ್ಲೇಟಿಂಗೆ ನೀರು ಶತ್ರು. ಕರಗಿದ ಚೋಕ್ಲೇಟಿಂಗೆ ನಾಲ್ಕು ಹನಿ ನೀರು ಬಿದ್ದರೆ ಸಕ್ಕರೆ ಅದರ ಎಳಕ್ಕೊಂಡು ಇಡೀ ಪಾತ್ರದ್ದು ಮಣ್ಣಿನ ಮುದ್ದೆಯ ಹಾಂಗೆ ಆವ್ತು. ಹಾಂಗಾಗಿ ಸಕ್ಕರೆ ಅಚ್ಚು ಮಾಡಿ ಅಭ್ಯಾಸ ಆದವು ಚೋಕ್ಲೇಟಿನ ಅಚ್ಚಿನ ಒದ್ದೆ ಮಾಡ್ಲಾಗ ಹೇಳುದರ ನೆಂಪು ಮಡಿಕ್ಕೊಳ್ಳೆಕ್ಕು.

ಅಂಬಗ ನೀರಿಲ್ಲದ್ದೆ ಚೋಕ್ಲೇಟು ಅಚ್ಚಿಂದ ಬಿಟ್ಟು ಬಪ್ಪದು ಹೇಂಗೆ? ಇದು ಎನಗೆ ಅತ್ಯಂತ ಇಷ್ಟದ ಭಾಗ. ಕೊಕ್ಕೊ ಬೆಣ್ಣೆಯ ಕರಗುಸಿ ಸುಮ್ಮನೆ ತಣಿವಲೆ ಬಿಟ್ಟರೆ ಅದು ಒಂದೇ ರೀತಿಲಿ ಗಟ್ಟಿ ಆವ್ತಿಲ್ಲೆ. ಹರಳು ಕಟ್ಟುಲೆ ಆರು ಬಗೆ ಇದ್ದು ಹೇಳಿ 1966ರಲ್ಲಿ ವಿಲ್ಲಿ, ಲಟನ್ ಹೇಳ್ತ ಇಬ್ರು ವಿಜ್ಞಾನಿಗೊ ಬರದವು. ಆ ಆರರಲ್ಲಿ ನವಗೆ ಬೇಕಾದ್ದು ಐದನೆಯದು. ಅದರ ಹರಳುಗೊ ಒಂದಕ್ಕೊಂದು ಒತ್ತಿ ಕೂರ್ತು. ಒತ್ತಿ ಕೂದ ಕಾರಣ ಇಡೀ ತುಂಡು ಒಂದಿಷ್ಟು ಕುಗ್ಗುತ್ತು, ಅಚ್ಚಿನ ಗೋಡೆಂದ ದೂರ ಆವ್ತು. ಪಟಕ್ಕನೆ ಬಪ್ಪದು ಅದಕ್ಕೇ. ಹೊಳಪು, ಮುರಿವಗ 'ಟಕ್' ಹೇಳ್ತ ಶಬ್ದ, ಎಲ್ಲವೂ ಅದರಂದಲೇ. ಕರಗುದು 33–34 ಡಿಗ್ರಿಲಿ, ಹೇಳಿರೆ ಬಾಯಿಯ ಬೆಶಿಂದ ರಜ ಕೆಳ. ಬೇರೆ ಬಗೆಯ ಹರಳು ಕಟ್ಟಿರೆ ಮೆದು ಆಗಿ ಅಚ್ಚಿಂಗೆ ಅಂಟುತ್ತು, ನಾಲ್ಕು ದಿನಲ್ಲಿ ಮೇಗೆ ಬೂದಿ ಉದುರಿದ ಹಾಂಗೆ ಬೆಳಿ ಆವ್ತು. ಬೂಸರು ಬಂತು ಹೇಳಿ ಇಡ್ಕಲೆ ಹೋಗೆಡಿ, ಅದು ಜಿಡ್ಡು ಮೇಗೆ ಬಂದದು, ತಿಂದರೆ ಎಂತ ಆಗ.

ಆ ಐದನೆಯ ಹರಳೇ ಬರೆಕ್ಕಾರೆ ಕಪ್ಪು ಚೋಕ್ಲೇಟಿನ 45–50 ಡಿಗ್ರಿಗೆ ಬೆಶಿ ಮಾಡಿ, 27–28ಕ್ಕೆ ಇಳುಶಿ, ತಿರುಗಿ 31–32ಕ್ಕೆ ಏರ್ಸೆಕ್ಕು. ಕಾರ್ಖಾನೆಲಿ ಯಂತ್ರ ಮಾಡ್ತು. ಮನೆಲಿ ತಾಳ್ಮೆ ಮಾಡೆಕ್ಕು. ಚೋಕ್ಲೇಟಿನ ಅಚ್ಚು ಸುಮಾರು ಕಾಲ ಮನೆಯ ಅಡಿಗೆಕೋಣೆಗೆ ಬಾರದ್ದೆ ಮಿಠಾಯಿ ಮಾಡ್ತವರ ಕೈಲೇ ಒಳುದ್ದಕ್ಕೆ ಇದು ಒಂದು ಕಾರಣ ಹೇಳಿ ಎನ್ನ ಅಭಿಪ್ರಾಯ.

ಇನ್ನು ಕಡ್ಡಿ. ಲಾಲಿಪಾಪ್ ಹೇಳ್ತ ಶಬ್ದ ಇಂಗ್ಲಿಷಿಲಿ 18ನೇ ಶತಮಾನಂದಲೇ ಇದ್ದು, ಅಂಬಗ ಅದು ಬರೇ ಒಂದು ಸೀವು. ಅಮೆರಿಕದ ನ್ಯೂ ಹೇವನಿಲಿ ಜಾರ್ಜ್ ಸ್ಮಿತ್ ಹೇಳ್ತವು 1908ರಲ್ಲಿ ಸಕ್ಕರೆ ಪಾಕದ ಉಂಡೆಗೆ ಕಡ್ಡಿ ಕುತ್ತಿ ಮಾರಿ, ಲಾಲಿ ಪಾಪ್ ಹೇಳ್ತ ಓಟದ ಕುದುರೆಯ ಹೆಸರು ಮಡಗಿದವು ಹೇಳ್ತವು. 1931ರಲ್ಲಿ ಆ ಹೆಸರಿನ ನೋಂದಣಿಯೂ ಆತು. ಮತ್ತೆ 1958ರಲ್ಲಿ ಸ್ಪೇನಿನ ಎನ್ರಿಕ್ ಬೆರ್ನಾಟ್ 'ಚುಪಾ ಚುಪ್ಸ್' ಸುರು ಮಾಡಿದವು. ಮಕ್ಕೊ ಸೀವಿನ ಬಾಯಿಂದ ತೆಗವದು, ನೋಡುದು, ಪುನಾ ಹಾಕುದು, ಆ ಕೈಯ ಅಂಗಿಗೆ ಉದ್ದುದು. ಅದಕ್ಕೆ ಕಡ್ಡಿಯೇ ಮದ್ದು ಹೇಳಿ ಅವರ ಲೆಕ್ಕ. ನಮ್ಮ ಮಕ್ಕಳ ಬೆಳಿ ಅಂಗಿಯ ತಿಕ್ಕಿ ತೊಳದ ಎಲ್ಲೋರೂ ಒಪ್ಪುಗು. ಅದರ ಹೂಗಿನ ಹಾಂಗಿಪ್ಪ ಗುರ್ತು ಬರದು ಕೊಟ್ಟದು ದೊಡ್ಡ ಚಿತ್ರಕಾರ ಸಾಲ್ವಡಾರ್ ಡಾಲಿ, 1969ರಲ್ಲಿ. ಇದೆಲ್ಲ ಸಕ್ಕರೆ ಪಾಕದ ಲಾಲಿಪಾಪು. ಅದರ ಮಾಡ್ಲೆ ಕೊದಿವ ಪಾಕ ಬೇಕು, ಮಕ್ಕಳ ಹತ್ರೆ ಬಿಡ್ಲಾಗ. ಚೋಕ್ಲೇಟಿಂಗೆ ಅಷ್ಟು ಬೆಶಿ ಬೇಡ, ಹಾಂಗಾಗಿ ಮನೆಲಿ ಮಕ್ಕಳ ಕೂರ್ಸಿಗೊಂಡು ಮಾಡ್ಲೆ ಚೋಕ್ಲೇಟೇ ಲಾಯ್ಕ.

ಆದರೆ ಆ ಮೂರು ಸರ್ತಿ ಬೆಶಿ-ತಣುವಿನ ಲೆಕ್ಕ ಮನೆಲಿ ಆರು ಮಾಡ್ತವು? ಮಾಡ್ತವಿಲ್ಲೆ. ಅಲ್ಲಿಗೇ ಬಂದದು ಕಂಪೌಂಡು. ಕೊಕ್ಕೊ ಬೆಣ್ಣೆಯ ಪೂರ್ತಿ ತೆಗದು, ಆ ಜಾಗೆಗೆ ತಾಳೆಬೀಜದ ಎಣ್ಣೆಯ ಹಾಂಗಿಪ್ಪ ಎಣ್ಣೆಯ ಗಟ್ಟಿ ಮಾಡಿ ಸೇರ್ಸುದು. ಬಣ್ಣಕ್ಕೂ ರುಚಿಗೂ ಕೊಕ್ಕೊ ಹೊಡಿ. ಈ ಎಣ್ಣೆಗೆ ಆರು ಬಗೆಯ ತಕರಾರು ಇಲ್ಲೆ. ಕರಗುಸು, ಎರೆ, ತಣಿಶು, ಮುಗುದತ್ತು. ಕ್ರಯವೂ ಕಮ್ಮಿ. ಮನೆಮನೆಲಿ ಕಡ್ಡಿ ಚೋಕ್ಲೇಟು ಅಪ್ಪಲೆ ಸುರು ಆದ್ದು ಇದರಂದಾಗಿ. ಹಾಂಗಾಗಿ ಕಂಪೌಂಡಿನ ಬೈವಲೆ ಎನಗೆ ಮನಸ್ಸಿಲ್ಲೆ. ಹೆಮ್ಮಕ್ಕೊಗೆ ಅಚ್ಚಿನ ಕೆಲಸ ಕೈಗೆ ಸಿಕ್ಕಿದ್ದು ಅದರಂದ, ಎಷ್ಟೋ ಜನ ಮನೆಲಿ ಮಾಡಿ ಮಾರಿ ಎರಡು ಪೈಸೆ ಸಂಪಾದನೆ ಮಾಡಿದ್ದವು.

ಹೆಸರಿನ ವಿಷಯಲ್ಲಿ ಮಾಂತ್ರ ದೇಶ ದೇಶಂಗಳೇ ಜಗಳ ಮಾಡಿದ್ದವು. 1973ರಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟಕ್ಕೆ ಸೇರಿತ್ತು. ಅಲ್ಯಾಣ ಚೋಕ್ಲೇಟಿಲಿ ಕೊಕ್ಕೊ ಬೆಣ್ಣೆಯೊಟ್ಟಿಂಗೆ ಬೇರೆ ಗಿಡದ ಎಣ್ಣೆಯೂ ರಜ ಇತ್ತು. ಫ್ರಾನ್ಸ್, ಬೆಲ್ಜಿಯಂನವಕ್ಕೆ ಇದು ಆಗ. ಇದಕ್ಕೆ 'ವೆಜಿಲೇಟ್' ಹೇಳಿ ಹೆಸರು ಮಡುಗಲಿ ಹೇಳಿಯೂ ಮಾತು ಬಂತು. ಕಡೆಂಗೆ 2000ದಲ್ಲಿ, ನೂರಕ್ಕೆ 5ರ ವರೆಗೆ ಬೇರೆ ಎಣ್ಣೆ ಅಕ್ಕು, ಆದರೆ ಮೇಗೆ ಬರೆಯೆಕ್ಕು ಹೇಳಿ ತೀರ್ಮಾನ ಆತು. ಐದರ ಬಗ್ಗೆ ಇಷ್ಟು ವರ್ಷ ಜಗಳ! ನಮ್ಮ ಕಂಪೌಂಡಿಲಿ ಜಿಡ್ಡು ಹತ್ರತ್ರ ಇಡೀ ಬೇರೆ ಎಣ್ಣೆಯೇ. ಕಟ್ಟಿನ ಮೇಗೆ 'ಕಂಪೌಂಡ್' ಹೇಳಿ ಸಣ್ಣಕ್ಕೆ ಇರ್ತು, ಎಂಗಳ ಕಣ್ಣಿಂಗೆ ಕನ್ನಡ್ಕ ಹಾಕಿರೆ ಕಾಂಗು.

ಈಗ ನಮ್ಮ ತೋಟಕ್ಕೆ ಬಪ್ಪೊ. ನಮ್ಮ ದೇಶಲ್ಲಿ ಕೊಕ್ಕೊ ಕೃಷಿಯ ದೊಡ್ಡ ಮಟ್ಟಿಂಗೆ ಹಬ್ಬುಸುವ ಕೆಲಸ ಸುರು ಆದ್ದು 1965ರ ಹೊತ್ತಿಂಗೆ, ಕೇರಳಲ್ಲಿ, ಕ್ಯಾಡ್‌ಬರಿ ಕಂಪೆನಿಯ ಮೂಲಕ. ಕೊಕ್ಕೊಗೆ ನೆರಳು ಬೇಕು, ಅಡಕ್ಕೆ ತೋಟಲ್ಲಿ ನೆರಳೂ ಇದ್ದು, ನೀರೂ ಇದ್ದು. ವಿಟ್ಲದ ಸಂಶೋಧನಾ ಕೇಂದ್ರಲ್ಲಿಯೂ ಅಡಕ್ಕೆಯ ಎಡೆಲಿ ಕೊಕ್ಕೊ ಹೇಂಗೆ ಬೆಳೆಶುದು ಹೇಳಿ ಕೆಲಸ ಆತು. 70ರ ದಶಕಲ್ಲಿ ನಮ್ಮ ಹೊಡೆಲಿ ಸುಮಾರು ಮನೆಯವು ಹಾಕಿದವು. ಕಾಯಿ ಒಡದು ಬೀಜ ತೆಗವ ಕೆಲಸ ಹೆಚ್ಚಾಗಿ ಹೆಮ್ಮಕ್ಕಳದ್ದು, ಮಕ್ಕಳದ್ದು. ಒಂದು ಕಾಯಿಲಿ 30–40 ಬೀಜ, ಅದರ ಸುತ್ತ ಬೆಳಿ ಲೋಳೆ, ಹುಳಿ-ಸೀವು. ಮಕ್ಕೊ ಚೀಪಿ ಬೀಜವ ಪುನಾ ಹೆಡಗೆಗೆ ಹಾಕುಗು. ಆ ಲೋಳೆಯೇ ಐದಾರು ದಿನ ಹುಳಿ ಬಂದು ಬೆಶಿ ಆದರೆ ಮಾಂತ್ರ ಬೀಜಕ್ಕೆ ಚೋಕ್ಲೇಟಿನ ಪರಿಮ್ಮಳ ಬಪ್ಪದು ಹೇಳಿ ಅಂಬಗ ಮಕ್ಕೊಗೆ ಆರು ಹೇಳ್ತವು!

80ನೇ ಇಸವಿಯ ಹೊತ್ತಿಂಗೆ ಧಾರಣೆ ಬಿದ್ದತ್ತು. ಬೀಜ ತೆಕ್ಕೊಂಬವೇ ಇಲ್ಲದ್ದೆ ಆತು. ಹಸಿಬೀಜ ಹೇಳಿರೆ ಅಡಕ್ಕೆಯ ಹಾಂಗೆ ಒಂದು ವರ್ಷ ಅಟ್ಟಲ್ಲಿ ಮಡುಗುವ ವಸ್ತು ಅಲ್ಲನ್ನೆ, ಎರಡು ದಿನಲ್ಲಿ ಹಾಳು. ಕೆಲವು ತೋಟಲ್ಲಿ ಸೆಸಿಯನ್ನೇ ಕಡುದವು. ಆ ಹೊತ್ತಿಲಿ ಕೈ ಹಿಡುದ್ದು ಕ್ಯಾಂಪ್ಕೋ. ವಾರಣಾಶಿ ಸುಬ್ರಾಯ ಭಟ್ರು ಮುಂದೆ ನಿಂದು 1973ರಲ್ಲಿ ಅಡಕ್ಕೆ ಕೃಷಿಕರಿಂಗಾಗಿ ಕಟ್ಟಿದ ಸಹಕಾರಿ ಸಂಸ್ಥೆ ಅದು. ಅವು ಕೊಕ್ಕೊವನ್ನೂ ತೆಕ್ಕೊಂಬಲೆ ಸುರು ಮಾಡಿದವು. ತೆಕ್ಕೊಂಡದರ ಎಂತ ಮಾಡುದು? ನಾವೇ ಚೋಕ್ಲೇಟು ಮಾಡುವ ಹೇಳಿ ಪುತ್ತೂರಿನ ಕೆಮ್ಮಿಂಜೆಲಿ ಕಾರ್ಖಾನೆ ಕಟ್ಟಿದವು. 1986ರಲ್ಲಿ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಬಂದು ಉದ್ಘಾಟನೆ ಮಾಡಿದವು. ಅಡಕ್ಕೆ ಬೆಳೆಶುವವು ಸೇರಿ ಚೋಕ್ಲೇಟು ಕಾರ್ಖಾನೆ ಮಾಡಿದ್ದು ಸಣ್ಣ ವಿಷಯ ಅಲ್ಲ. ಯುರೋಪಿಲಿ ಮನೆತನಂಗೊ ನೂರು ವರ್ಷಲ್ಲಿ ಕಲ್ತದರ ಇಲ್ಲಿ ಹತ್ತು-ಹದಿಮೂರು ವರ್ಷಲ್ಲಿ ಮಾಡಿ ತೋರ್ಸಿದವು.

ಹಾಂಗಾರೆ ಈ ಲೆಕ್ಕ ನೋಡಿ. ಮೂರು ಕಿಲೊ ಹಸಿಬೀಜ ಹುಳಿ ಬರ್ಸಿ ಒಣಗುಸಿರೆ ಹತ್ರತ್ರ ಒಂದು ಕಿಲೊ. ಅದರ ಚೋಲಿ ತೆಗದರೆ ಒಳುದ ತಿರುಳಿಲಿ ಅರ್ಧ ಬೆಣ್ಣೆ, ಅರ್ಧ ಹಿಂಡಿ. ಬೆಣ್ಣೆಗೇ ಕ್ರಯ ಹೆಚ್ಚು, ಅದರ ಮೋರೆಗೆ ಉದ್ದುವ ಕ್ರೀಮಿಂಗೂ ಹಾಕುತ್ತವು. ಕಂಪೌಂಡಿನ ಗಟ್ಟಿಯ ಹಿಂದೆ ಓದಿ: ಮದಾಲು ಸಕ್ಕರೆ, ಎರಡ್ನೆದು ಗಿಡದ ಎಣ್ಣೆ, ಮತ್ತೆ ಕೊಕ್ಕೊ ಹೊಡಿ. ಅದರ ಕ್ರಮ ತೂಕದ ಕ್ರಮ. ಕೊಕ್ಕೊ ಬೆಳೆಶುವ ಊರಿಲಿ, ಕೊಕ್ಕೊ ಬೀಜ ಮಾರಿದ ಪೈಸೆಲಿ, ದೂರದ ಊರಿನ ತಾಳೆ ಎಣ್ಣೆಯ ಗಟ್ಟಿ ತಂದು ನಮ್ಮ ಮಕ್ಕೊಗೆ ಕರಡಿ ಮಾಡಿ ಕೊಡ್ತು ನಾವು. 2024ರಲ್ಲಿ ಆಫ್ರಿಕಾದ ಘಾನಾ, ಐವರಿ ಕೋಸ್ಟಿಲಿ ಬೆಳೆ ಕಮ್ಮಿ ಆಗಿ ಲೋಕದ ಮಾರುಕಟ್ಟೆಲಿ ಕೊಕ್ಕೊ ಟನ್ನಿಂಗೆ 10,000 ಡಾಲರ್ ದಾಂಟಿತ್ತು. ನಮ್ಮ ಹಸಿಬೀಜಕ್ಕೂ ಏರಿತ್ತು, ಮತ್ತೆ ಇಳುದತ್ತು. ಧಾರಣೆ ಏರಿದ ಹಾಂಗೆ ಚೋಕ್ಲೇಟು ಮಾಡ್ತವಕ್ಕೆ ಬೆಣ್ಣೆ ಬಿಟ್ಟು ಎಣ್ಣೆ ಹಾಕುಲೆ ಆಶೆ ಹೆಚ್ಚಪ್ಪದು ಸಹಜ. ಕೃಷಿಕಂಗೆ ಎರಡು ಹೊಡೆಂದಲೂ ಹೆದರಿಕೆ.

ಹಾಂಗೆ ಹೇಳಿ ನಿಜದ ಚೋಕ್ಲೇಟಿಲಿ ಕಡ್ಡಿ ಮಾಡ್ಲೆ ಎಡಿಯದ್ದೇನೂ ಅಲ್ಲ. ಹಿಂದೆ 'ಕೊಕ್ಕೊ ಬೆಣ್ಣೆ' ಹೇಳಿ ಬರದ, ಬೇರೆ ಎಣ್ಣೆ ಇಲ್ಲದ್ದ ಕಪ್ಪು ಚೋಕ್ಲೇಟು ತೆಕ್ಕೊಳಿ. ಮೂರು ಪಾಲು ಮಾಡಿ, ಎರಡು ಪಾಲಿನ ಬೆಶಿನೀರಿನ ಮೇಗೆ ಕರಗುಸಿ. ನೀರು ಕೊದಿವಲಾಗ, ಒಲೆ ನಂದುಸಿದ ಮತ್ತೆಯೇ ಪಾತ್ರ ಮಡುಗಿ, ಹಬೆಯ ಹನಿ ಒಳ ಬೀಳದ್ದ ಹಾಂಗೆ ನೋಡಿಗೊಳಿ. ಕೆಳ ಇಳುಶಿ, ಒಳುದ ಒಂದು ಪಾಲಿನ ಸಣ್ಣಕ್ಕೆ ಕೆರದು ರಜ ರಜವೇ ಹಾಕಿ ತೊಳಸಿ. ಆ ಕೆರದ ಚೋಕ್ಲೇಟಿಲಿ ಐದನೆಯ ಬಗೆಯ ಹರಳು ಮದಲೇ ಇರ್ತು, ಅದುವೇ ಬಾಕಿ ಇಪ್ಪದಕ್ಕೆ ದಾರಿ ತೋರ್ಸುತ್ತು. ಮಸರಿಂಗೆ ಹೆಪ್ಪು ಹಾಕಿದ ಹಾಂಗೆ. ಕೆಳಾಣ ತೊಡಿಗೆ ಒಂದು ಹನಿ ಮುಟ್ಟುಸಿರೆ ರಜ ತಂಪು ಕಾಂಬಗ ಎರವಲಕ್ಕು. ಅಚ್ಚು ಒಣಗಿರೆಕ್ಕು. ಎರದಿಕ್ಕಿ ಎರಡು ಸರ್ತಿ ಮೇಜಿಂಗೆ ತಟ್ಟಿರೆ ಗಾಳಿಗುಳ್ಳೆ ಹೋವ್ತು, ಮತ್ತೆ ಕಡ್ಡಿಯ ಒಂದು ಸುತ್ತು ತಿರುಗುಸಿ ಮಡುಗಿರೆ ಎಲ್ಲಾ ಹೊಡೆಗೂ ಚೋಕ್ಲೇಟು ಹಿಡಿತ್ತು, ತಿಂಬಗ ಜಾರಿ ಬೀಳ.

ನಮ್ಮ ಊರಿಲಿ ಮಾರ್ಚಿಂದ ಮೇ ವರೆಗೆ ಇದರ ಮಾಡ್ಲೆ ಹೆರಡೆಡಿ. ಮನೆ ಒಳವೇ 33–34 ಡಿಗ್ರಿ ಇಪ್ಪಗ ಕೊಕ್ಕೊ ಬೆಣ್ಣೆ ನಿಲ್ಲುದು ಹೇಂಗೆ? ದನುತಿಂಗಳ ಉದಿಯಪ್ಪಗ ಮಾಡಿರೆ ಫ್ರಿಜ್ಜುದೆ ಹೆಚ್ಚು ಬೇಡ. ಮತ್ತೊಂದು, ಉಳಿತಾಯ ಆಗಲಿ ಹೇಳಿ ಅರ್ಧ ಕಂಪೌಂಡು, ಅರ್ಧ ನಿಜದ್ದು ಸೇರ್ಸುಲಾಗ. ತಾಳೆಬೀಜದ ಎಣ್ಣೆಗೂ ಕೊಕ್ಕೊ ಬೆಣ್ಣೆಗೂ ಹೊಂದಿಕೆ ಇಲ್ಲೆ, ಎರಡೂ ಸೇರಿರೆ ಮೆದು ಆಗಿ ಬೆಳಿ ಹಿಡಿತ್ತು.

200 ಗ್ರಾಮಿನ ಚೋಕ್ಲೇಟಿಲಿ 15 ಗ್ರಾಮಿನ ಕಡ್ಡಿ ಹದಿಮೂರು ಆವ್ತು. ಕಳುದ ಜನವರಿಲಿ ಎಂಗಳಲ್ಲಿ ಎರಡು ಬಗೆಯೂ ಮಾಡಿ, ಏವದು ಏವದು ಹೇಳದ್ದೆ ಮಕ್ಕೊಗೆ ಕೊಟ್ಟೆಯೊ. ಅಗಿಯದ್ದೆ ನಾಲಗೆಲಿ ಮಡಿಕ್ಕೊಳೆಕ್ಕು ಹೇಳಿ ನಿಯಮ. ಕೊಕ್ಕೊ ಬೆಣ್ಣೆದು ಬಾಯಿ ತಂಪು ಮಾಡಿ ಕರಗಿ ಹೋತು, ಕಂಪೌಂಡಿಂದು ಬಾಯಿಯ ಮೇಗಾಣ ಹೊಡೆಲಿ ಮೇಣದ ಹಾಂಗೆ ಹಿಡ್ಕೊಂಡತ್ತು. ದೊಡ್ಡ ಮಕ್ಕೊ ಕೂಡ್ಲೇ ಹೇಳಿದವು. ಸಣ್ಣ ಮಾಣಿ ಮಾಂತ್ರ ಕರಡಿ ಮೋರೆ ಇಪ್ಪದೇ ಬೇಕು ಹೇಳಿ ಹಟ ಹಿಡುದ. ಅದು ಕಂಪೌಂಡಿಂದು.